ಸಾಮಾನ್ಯ ಸಂಬಳದಲ್ಲಿ ಕಲಾಸಂಗ್ರಹ ಕಟ್ಟಿ ದಾನ ಕೊಡುವುದು ಹೇಗೆ: ಮೊದಲ ಚಿತ್ರದಿಂದ ದಾನಪತ್ರದವರೆಗೆ

ಇವತ್ತಿನ ಕಲಾವಿದರ ಕೃತಿಗಳನ್ನು ಕೊಂಡು ಕೂಡಿಡುವವರು ಬಹಳ ಜನ. ಅವನ್ನು ಸರಿಯಾದ ಕೈಗೆ ಒಪ್ಪಿಸಿ ಮುಗಿಸಿದವರು ತೀರಾ ಕಡಿಮೆ. ಹೊಟ್ಟೆಬಟ್ಟೆ ಕಟ್ಟಿ ಇಪ್ಪತ್ತು ವರ್ಷ ಕೂಡಿಸಿದ್ದನ್ನು ಸುಮ್ನೆ ಕೊಡುತ್ತೇವೆ ಅಂದರೂ ಮ್ಯೂಸಿಯಂನವರು ಬೇಡ ಅನ್ನುತ್ತಾರೆ. ಕೊಡಲು ಹೋದವರ ಮನಸ್ಸು ಮುರಿದುಹೋಗುತ್ತದೆ.

ಇಂಥ ಮನೆಗಳಿಗೆ ಪಟ್ಟಿ ಮಾಡಿಕೊಡಲು ನಾನು ಹೋಗುತ್ತಿರುತ್ತೇನೆ. ಎಡವಿದ ಜಾಗ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಯಾರಿಂದ ಕೊಂಡಿದ್ದು ಅನ್ನುವುದಕ್ಕೆ ಕಾಗದ ಇರುವುದಿಲ್ಲ. ಹಾಳೆಯ ಹಿಂದೆ ಸೆಲ್ಲೋಟೇಪ್ ಅಂಟಿರುತ್ತದೆ. ಕೊಡುವ ಯೋಚನೆ ಬಂದಿದ್ದೇ ಮನೆ ಖಾಲಿ ಮಾಡುವ ಹೊತ್ತಿಗೆ. ಕೊಡುವ ಕೆಲಸ ಶುರುವಾಗುವುದು ಮೊದಲ ಚಿತ್ರ ಕೊಂಡ ದಿನ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಬರೆದಿದ್ದೇನೆ. ಕ್ರಮ ತಪ್ಪಿಸಬೇಡಿ.

## ಮೊದಲು ಇಷ್ಟನ್ನು ಹೊಂದಿಸಿಕೊಳ್ಳಿ

- ಗಟ್ಟಿ ರಟ್ಟಿನ ಒಂದು ನೋಟ್‌ಬುಕ್, ಅದರ ಜೊತೆಗೆ ಕಂಪ್ಯೂಟರ್‌ನಲ್ಲಿ ಒಂದು ಪಟ್ಟಿ
- 2ಬಿ ಪೆನ್ಸಿಲ್, ಅಳತೆ ಟೇಪು, ಟಾರ್ಚು
- ಫೋನ್ ಕ್ಯಾಮೆರಾ
- ಗಾಳಿಯ ತೇವ ಅಳೆಯುವ ಚಿಕ್ಕ ಮೀಟರ್
- ಆಮ್ಲ ಇಲ್ಲದ ಕಾಗದದ ಫೋಲ್ಡರ್‌ಗಳು ಮತ್ತು ಪೆಟ್ಟಿಗೆ

ದುಬಾರಿ ಸಾಮಾನು ಇದರಲ್ಲಿ ಯಾವುದೂ ಇಲ್ಲ. ಆಮ್ಲ ಇಲ್ಲದ ಫೋಲ್ಡರ್ ಮಾತ್ರ ಹುಡುಕಿ ತರಬೇಕಾಗುತ್ತದೆ. ಅದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಮಾಮೂಲಿ ರಟ್ಟಿನಲ್ಲಿ ಆಮ್ಲ ಇರುತ್ತದೆ. ಅದು ಪಕ್ಕದ ಹಾಳೆಗೂ ಇಳಿದು ಹಳದಿ ಮಾಡುತ್ತದೆ.

## ಹಂತ 1: ಹಣಕ್ಕೂ ಜಾಗಕ್ಕೂ ಒಂದೊಂದು ಗೆರೆ ಎಳೆದುಕೊಳ್ಳಿ

ನ್ಯೂಯಾರ್ಕ್‌ನ ಹರ್ಬರ್ಟ್ ವೋಗೆಲ್ ಮತ್ತು ಡೊರೊಥಿ ವೋಗೆಲ್ ದಂಪತಿಯ ಲೆಕ್ಕಾಚಾರ ನೋಡಿ. ಹರ್ಬರ್ಟ್ ಅಂಚೆ ಇಲಾಖೆಯ ಗುಮಾಸ್ತ, ಡೊರೊಥಿ ಲೈಬ್ರರಿಯನ್. ಡೊರೊಥಿಯ ಸಂಬಳದಲ್ಲಿ ಸಂಸಾರ, ಹರ್ಬರ್ಟ್ ಸಂಬಳದಲ್ಲಿ ಕಲೆ. ಕೊಳ್ಳುವುದಕ್ಕೆ ಎರಡೇ ನಿಯಮ. ಬೆಲೆ ಕೈಗೆಟುಕಬೇಕು, ಕೃತಿ ಅವರ ಒಂದು ಬೆಡ್‌ರೂಮಿನ ಫ್ಲ್ಯಾಟ್‌ನಲ್ಲಿ ಹಿಡಿಯಬೇಕು. ಮೆಟ್ರೋ ರೈಲಿನಲ್ಲೋ ಟ್ಯಾಕ್ಸಿಯಲ್ಲೋ ತಂದುಕೊಳ್ಳುವಷ್ಟು ಚಿಕ್ಕದಿದ್ದರೆ ಕೊಂಡರು, ಇಲ್ಲದಿದ್ದರೆ ಬಿಟ್ಟರು. ಹೀಗೇ ಸೇರಿದ್ದು 4,000ಕ್ಕೂ ಜಾಸ್ತಿ ಕೃತಿಗಳು.

ನಿಮ್ಮ ನಿಯಮವನ್ನು ಹೀಗೆ ಮಾಡಿಕೊಳ್ಳಿ. ಬಾಡಿಗೆ, ಊಟ, ಸ್ಕೂಲ್ ಫೀಸು, ಕಷ್ಟಕಾಲಕ್ಕೆ ಎತ್ತಿಡುವ ಹಣ ಎಲ್ಲ ಕಳೆದ ಮೇಲೆ ತಿಂಗಳಿಗೆ ಎಷ್ಟು ಉಳಿಯುತ್ತದೆ? ಅದರಲ್ಲಿ ಒಂದು ಪಾಲು ಕಲೆಗೆ. ಆ ಪಾಲಿನ ಐದನೇ ಒಂದು ಭಾಗವನ್ನು ಕೊಳ್ಳುವುದಕ್ಕೆ ಮುಟ್ಟಬೇಡಿ. ಫ್ರೇಮು, ಫೋಲ್ಡರ್, ಸಾಗಾಟ, ವಿಮೆಗೆ ಅದು ಬೇಕು. ಇದನ್ನು ಎತ್ತಿಡದವರ ಮನೆಯಲ್ಲೇ ಚಿತ್ರಗಳು ಸುರುಳಿ ಸುತ್ತಿ ಬೀರುವಿನ ಮೇಲೆ ಬಿದ್ದಿರುತ್ತವೆ.

ಜಾಗದ ಲೆಕ್ಕವೂ ಅಷ್ಟೇ ಮುಖ್ಯ. ಮನೆಯ ಬಾಗಿಲಿನ ಅಗಲ, ಮೆಟ್ಟಿಲ ತಿರುವು, ಲಿಫ್ಟಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಚಿಕ್ಕದಾಗಿ ಕಂಡ ಕ್ಯಾನ್ವಾಸ್ ಮನೆ ಬಾಗಿಲಲ್ಲಿ ಸಿಕ್ಕಿಕೊಂಡು ಮೂಲೆ ಜಜ್ಜಿಹೋಗಿದ್ದು ನೋಡಿದ್ದೇನೆ.

ಎಚ್ಚರ: ಸಾಲ ಮಾಡಿ ಕೊಳ್ಳಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿ. ಸಾಲದ ಸಂಗ್ರಹ ದಾನಕ್ಕೆ ಉಳಿಯುವುದಿಲ್ಲ, ಮಾರಾಟಕ್ಕೆ ಹೋಗುತ್ತದೆ.

## ಹಂತ 2: ಒಂದು ವರ್ಷ ನೋಡಿ, ಕೊಳ್ಳಬೇಡಿ

ಇದನ್ನು ಯಾರೂ ಪಾಲಿಸುವುದಿಲ್ಲ. ಆಮೇಲೆ ಎಲ್ಲರೂ ಇದಕ್ಕೇ ಕೊರಗುತ್ತಾರೆ. ಮೊದಲ ವರ್ಷ ಕೊಂಡ ಹತ್ತರಲ್ಲಿ ಏಳು ಎಂಟು ಆಮೇಲೆ ಬೇಡವಾಗುತ್ತವೆ.

ಕಲಾಶಾಲೆಗಳ ವರ್ಷಾಂತ್ಯದ ಪ್ರದರ್ಶನ, ಕಲಾವಿದರೇ ಸೇರಿ ನಡೆಸುವ ಜಾಗಗಳು, ಪ್ರಿಂಟ್, ಅಂದರೆ ಕಲಾವಿದರ ಅಚ್ಚಿನಿಂದ ತೆಗೆದ ಪ್ರತಿ ಮಾಡುವ ಸ್ಟುಡಿಯೋಗಳು, ಚಿಕ್ಕ ಗ್ಯಾಲರಿಗಳು. ಇಲ್ಲಿಗೆಲ್ಲ ಹೋಗಿ. ಪ್ರತಿ ಸಲ ಒಂದೇ ಕೃತಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಮನೆಗೆ ಬಂದು ನಾಲ್ಕು ಸಾಲು ಬರೆಯಿರಿ: ಯಾರದ್ದು, ಯಾವುದರಲ್ಲಿ ಮಾಡಿದ್ದು, ಏನು ಹಿಡಿಸಿತು, ಏನು ಅರ್ಥವಾಗಲಿಲ್ಲ.

ಆರು ತಿಂಗಳಾದ ಮೇಲೆ ನೋಟ್‌ಬುಕ್ ತಿರುವಿ ಹಾಕಿ. ಅದೇ ಎರಡು ಮೂರು ಹೆಸರು, ಅದೇ ಒಂದು ಬಗೆಯ ಕೆಲಸ ಮತ್ತೆ ಮತ್ತೆ ಬಂದಿರುತ್ತದೆ. ನಿಮ್ಮ ಸಂಗ್ರಹದ ದಾರಿ ಅಲ್ಲಿದೆ. ಬರೀ ರೇಖಾಚಿತ್ರಗಳು, ಇಲ್ಲವೇ ಒಂದೇ ಪೀಳಿಗೆಯ ಹೆಣ್ಣುಮಕ್ಕಳ ಪ್ರಿಂಟ್‌ಗಳು, ಇಲ್ಲವೇ ಐದೇ ಕಲಾವಿದರ ಬೇರೆ ಬೇರೆ ಕಾಲದ ಕೆಲಸ. ಹೀಗೆ ಒಂದು ಎಳೆ ಇರಬೇಕು. ನೂರು ಜನರ ಒಂದೊಂದು ಚಿತ್ರಕ್ಕಿಂತ ಹತ್ತು ಜನರ ಹತ್ತತ್ತು ಕೆಲಸ ಮ್ಯೂಸಿಯಂಗೆ ಬಹಳ ಉಪಯೋಗ. ಒಬ್ಬ ಕಲಾವಿದ ಹೇಗೆ ಬೆಳೆದ ಅನ್ನುವುದು ಅಲ್ಲಿ ಕಾಣುತ್ತದೆ.

## ಹಂತ 3: ಕೊಳ್ಳುವುದು

ಹೆಸರು ಬರುವ ಮುಂಚೆ ಕೊಳ್ಳಿ, ದೊಡ್ಡ ಕೃತಿಯ ಬದಲು ಅದರ ತಯಾರಿಯ ಚಿತ್ರ ಕೊಳ್ಳಿ. ಸಾಮಾನ್ಯರಿಗೆ ಇರುವ ದಾರಿ ಇವೆರಡೇ. ಒಂದು ಶಿಲ್ಪಕ್ಕೆ ಮುಂಚೆ ಕಲಾವಿದ ಹಾಳೆಯ ಮೇಲೆ ಹತ್ತು ಸಲ ಯೋಚನೆ ಮಾಡಿರುತ್ತಾನೆ. ಆ ಹಾಳೆಗಳಿಗೆ ಗಿರಾಕಿ ಕಡಿಮೆ. ವೋಗೆಲ್ ಸಂಗ್ರಹದಲ್ಲಿ ಕಲಾವಿದ ರಿಚರ್ಡ್ ಟಟಲ್ ನೋಟ್‌ಬುಕ್ ಹಾಳೆಯ ಮೇಲೆ ಮಾಡಿದ ಜಲವರ್ಣಗಳು ರಾಶಿ ಇದ್ದವು. ಇವತ್ತು ಅವು ಅಮೆರಿಕದ ಉದ್ದಗಲಕ್ಕೂ ಮ್ಯೂಸಿಯಂಗಳಲ್ಲಿವೆ.

ಪ್ರಿಂಟ್ ಕೊಳ್ಳುವಾಗ ಕೆಳಗಿನ ಅಂಚು ನೋಡಿ. 3/25 ಅಂತ ಇದ್ದರೆ 25 ಪ್ರತಿಗಳಲ್ಲಿ ಮೂರನೆಯದು. ಒಟ್ಟು ಪ್ರತಿ ಎಷ್ಟು, ಕಲಾವಿದ ತನಗೆ ಅಂತ ಬೇರೆ ಎಷ್ಟು ಇಟ್ಟುಕೊಂಡಿದ್ದಾನೆ, ಎರಡನ್ನೂ ಕೇಳಿ ಬರೆಸಿಕೊಳ್ಳಿ.

ದುಡ್ಡು ಕೊಡುವ ಮುಂಚೆ ಈ ಪ್ರಶ್ನೆಗಳನ್ನು ಕೇಳಲೇಬೇಕು:

1. ಇದನ್ನು ಯಾವುದರಿಂದ ಮಾಡಿದ್ದು? ಕಾಗದ, ಬಣ್ಣ, ಅಂಟು ಎಲ್ಲ ಹೇಳಿ.
2. ಇದು ಮಾಸುತ್ತದಾ, ಒಡೆಯುತ್ತದಾ? ಹಾಗಾದರೆ ನಾನು ಏನು ಮಾಡಬೇಕು?
3. ಹೇಗೆ ತೂಗು ಹಾಕಬೇಕು, ಯಾವ ಕಡೆ ಮೇಲೆ?
4. ಮುಂದೆ ಒಂದು ದಿನ ಮ್ಯೂಸಿಯಂಗೆ ಕೊಟ್ಟರೆ ನಿಮಗೆ ಒಪ್ಪಿಗೆಯಾ?

ನಾಲ್ಕನೆಯದನ್ನು ಕೇಳಲು ಸಂಕೋಚ ಬೇಡ. ಕೇಳಿದ ಕೂಡಲೇ ಎದುರಿನವರ ಮುಖವೇ ಬದಲಾಗುತ್ತದೆ. ನೀವು ನಾಳೆ ಮಾರಿಬಿಡುವವರಲ್ಲ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ಕಲಾವಿದರು ಒಳಗೆ ಹೋಗಿ ಇನ್ನೂ ಒಳ್ಳೆಯದೊಂದು ತಂದು ತೋರಿಸುತ್ತಾರೆ.

ಎರಡನೆಯ ಪ್ರಶ್ನೆ ಯಾಕೆ ಅಂದರೆ, ಹೊಸ ಕಾಲದ ಕಲೆಯ ಸಾಮಗ್ರಿ ಎಣ್ಣೆಬಣ್ಣದಷ್ಟು ಗಟ್ಟಿಯಲ್ಲ. ಇವಾ ಹೆಸ್ಸೆ 1960ರ ದಶಕದ ಕೊನೆಯಲ್ಲಿ ಲೇಟೆಕ್ಸ್ ರಬ್ಬರ್‌ನಲ್ಲಿ ಮಾಡಿದ ಕೆಲಸಗಳು ಈಗ ಕಪ್ಪಾಗಿ ಪೆಡಸಾಗಿವೆ. ದೊಡ್ಡ ಮ್ಯೂಸಿಯಂಗಳಿಗೇ ಅವುಗಳನ್ನು ಹೊರಗೆ ತೆಗೆದು ತೋರಿಸುವುದು ಕಷ್ಟ. ರಬ್ಬರ್, ಫೋಮ್, ಅಗ್ಗದ ಪ್ಲಾಸ್ಟಿಕ್, ಮಾರ್ಕರ್ ಪೆನ್ನಿನ ಬಣ್ಣ, ನ್ಯೂಸ್‌ಪೇಪರ್ ಕೊಲಾಜ್ (ಚೂರುಗಳನ್ನು ಅಂಟಿಸಿ ಮಾಡಿದ ಚಿತ್ರ). ಇವು ಬೇಗ ಹಾಳಾಗುತ್ತವೆ. ಕೊಳ್ಳಬೇಡಿ ಅಂತಲ್ಲ, ಗೊತ್ತಿದ್ದು ಕೊಳ್ಳಿ.

ಒಮ್ಮೆಲೇ ಕೊಡಲು ಆಗದಿದ್ದರೆ ಕಂತಿನಲ್ಲಿ ಕೊಡಬಹುದಾ ಅಂತ ಕೇಳಿ. ಬಹಳ ಕಲಾವಿದರು ಒಪ್ಪುತ್ತಾರೆ. ಒಪ್ಪಿದ ಮೇಲೆ ಒಂದು ಕಂತೂ ತಪ್ಪಬಾರದು. ಅವರ ಮನೆ ನಡೆಯುವುದೇ ಅದರಲ್ಲಿ. ದುಡ್ಡಿನ ಬದಲು ಕೆಲಸವೂ ನಡೆಯುತ್ತದೆ. ಕಲಾವಿದ ದಂಪತಿ ಕ್ರಿಸ್ಟೋ ಮತ್ತು ಜೀನ್-ಕ್ಲಾಡ್ ಕೊಲರಾಡೋದ ಕಣಿವೆಗೆ ಕಲಾಕೃತಿಯಾಗಿ ಪರದೆ ಕಟ್ಟಲು ಹೋದಾಗ ಅವರ ಬೆಕ್ಕನ್ನು ನೋಡಿಕೊಂಡಿದ್ದಕ್ಕೆ ವೋಗೆಲ್ ದಂಪತಿಗೆ ಒಂದು ಕೊಲಾಜ್ ಸಿಕ್ಕಿತ್ತು. ನಿಮಗೆ ಲೆಕ್ಕ ಬರೆಯಲು ಬರುತ್ತದಾ, ಫೋಟೋ ತೆಗೆಯಲು ಬರುತ್ತದಾ? ಕೇಳಿ ನೋಡಿ. ಆದರೆ ಅದಕ್ಕೂ ಒಂದು ಚೀಟಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ಅದು ನಿಮ್ಮದು ಅಂತ ಹೇಳುವವರೇ ಇರುವುದಿಲ್ಲ.

ಸಾಮಾನ್ಯ ತಪ್ಪು: ಬೆಲೆಯನ್ನು ಜಗ್ಗಿ ಜಗ್ಗಿ ಇಳಿಸುವುದು. ಇನ್ನೂ ಹೆಸರು ಮಾಡದ ಕಲಾವಿದರ ಹತ್ತಿರ ಇದನ್ನು ಮಾಡಬೇಡಿ. ಕೈಗೆಟುಕದಿದ್ದರೆ ಚಿಕ್ಕದು ಕೇಳಿ.

## ಹಂತ 4: ಅದೇ ದಿನ ಕಡತ ತೆರೆಯಿರಿ

ಇಡೀ ಕೆಲಸದ ಬೆನ್ನುಮೂಳೆ ಇದು. ಕೃತಿ ಮನೆಗೆ ಬಂದ ದಿನ, ಅದನ್ನು ಗೋಡೆಗೆ ಹಾಕುವ ಮುಂಚೆ, ಈ ಕೆಲಸ ಮುಗಿಯಬೇಕು. ಒಂದು ಕೃತಿಗೆ ಅರ್ಧ ಗಂಟೆ ಸಾಕು.

1. ನಂಬರ್ ಕೊಡಿ. ವರ್ಷ, ಆಮೇಲೆ ಕ್ರಮಸಂಖ್ಯೆ. 2025.07 ಅಂದರೆ ಆ ವರ್ಷ ಬಂದ ಏಳನೆಯದು. ಈ ನಂಬರ್ ಫೋಲ್ಡರ್ ಮೇಲೆ, ಪಟ್ಟಿಯಲ್ಲಿ, ಫೋಟೋದ ಹೆಸರಿನಲ್ಲಿ, ಎಲ್ಲ ಕಡೆ ಒಂದೇ ಇರಬೇಕು.
2. ಅಳೆಯಿರಿ. ಎತ್ತರ ಮೊದಲು, ಅಗಲ ಆಮೇಲೆ, ಸೆಂಟಿಮೀಟರ್‌ನಲ್ಲಿ. ಫ್ರೇಮ್ ಬಿಟ್ಟು ಒಂದು ಅಳತೆ, ಫ್ರೇಮ್ ಸೇರಿ ಇನ್ನೊಂದು.
3. ಫೋಟೋ ತೆಗೆಯಿರಿ. ಮುಂದೆ, ಹಿಂದೆ, ಸಹಿ, ಏನಾದರೂ ಊನ ಇದ್ದರೆ ಅದರ ಹತ್ತಿರದ ಚಿತ್ರ. ಕಿಟಕಿಯ ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡ.
4. ಕಾಗದ ಸೇರಿಸಿ. ಬಿಲ್, ಹಣ ಕೊಟ್ಟ ದಾಖಲೆ, ಪ್ರದರ್ಶನದ ಕರಪತ್ರ, ಕಲಾವಿದರು ಕಳಿಸಿದ ಮೆಸೇಜು. ಫೋನಿನ ಮೆಸೇಜನ್ನು ಪ್ರಿಂಟ್ ಮಾಡಿ ಇಡಿ. ಫೋನ್ ಬದಲಾದಾಗ ಅದು ಹೋಗುತ್ತದೆ.
5. ಕಲಾವಿದರ ಮಾತು ಬರೆದುಕೊಳ್ಳಿ. ಹಂತ 3ರ ನಾಲ್ಕು ಪ್ರಶ್ನೆಗೆ ಬಂದ ಉತ್ತರ, ಅವರ ಮಾತಿನಲ್ಲೇ.

ಒಂದು ಕೃತಿಯ ದಾಖಲೆ ಹೀಗಿದ್ದರೆ ಸಾಕು: "2025.07. ಹೆಸರಿಲ್ಲ. ಕಾಗದದ ಮೇಲೆ ಇದ್ದಿಲು. 42 x 29.5 ಸೆಂ.ಮೀ. ಸಹಿ ಹಿಂಬದಿ ಬಲ ಕೆಳಮೂಲೆ, ಪೆನ್ಸಿಲ್. ಮೇಲಿನ ಎಡ ಅಂಚಿನಲ್ಲಿ 4 ಮಿ.ಮೀ. ಹರಿದಿದೆ, ಕೊಂಡಾಗಲೇ ಇತ್ತು. ಕಲಾವಿದರಿಂದ ನೇರ ಕೊಂಡದ್ದು. ಇದ್ದಿಲು ಉದುರದಂತೆ ಹಿಡಿಯುವ ಫಿಕ್ಸೆಟಿವ್ ಹೊಡೆದಿಲ್ಲ ಅಂದರು, ಒರೆಸಬಾರದು." "ಕೊಂಡಾಗಲೇ ಇತ್ತು" ಅನ್ನುವ ಎರಡು ಪದ ಬರೆದಿಟ್ಟರೆ ಮುಂದೆ ದೊಡ್ಡ ಜಗಳ ತಪ್ಪುತ್ತದೆ.

ಸರ್ಟಿಫಿಕೇಟ್ ವಿಷಯ ಬೇರೆಯಾಗಿ ಹೇಳಬೇಕು. ಕೆಲವು ಸಮಕಾಲೀನ ಕೃತಿಗಳಲ್ಲಿ ವಸ್ತುವೇ ಇರುವುದಿಲ್ಲ, ಇರುವುದು ಸೂಚನೆ. ಸೋಲ್ ಲೆವಿಟ್ ಅವರ ಗೋಡೆಚಿತ್ರ ಕೊಂಡರೆ ಕೈಗೆ ಬರುವುದು ಒಂದು ಸರ್ಟಿಫಿಕೇಟ್ ಮತ್ತು ಒಂದು ನಕ್ಷೆ. ಗೋಡೆಯ ಮೇಲಿನದ್ದನ್ನು ಬಳಿದು ಹಾಕಿ ಇನ್ನೊಂದು ಕಡೆ ಮತ್ತೆ ಬರೆಸಬಹುದು. ಫೆಲಿಕ್ಸ್ ಗೊನ್ಸಾಲೆಸ್-ಟೋರೆಸ್ ಅವರ ಮಿಠಾಯಿ ರಾಶಿಯನ್ನು ನೋಡಲು ಬಂದವರು ತಿಂದು ಖಾಲಿ ಮಾಡಬಹುದು, ಮತ್ತೆ ತುಂಬಿಸಬಹುದು. ಇಂಥ ಕೃತಿಯಲ್ಲಿ ಕಾಗದ ಕಳೆದರೆ ಕೃತಿಯೇ ಕಳೆದಂತೆ. ಮೂಲ ಕಾಗದ ಬ್ಯಾಂಕ್ ಲಾಕರ್‌ನಲ್ಲಿರಲಿ, ಮನೆಯಲ್ಲಿ ನಕಲು ಸಾಕು.

ವಿಡಿಯೋ, ಡಿಜಿಟಲ್ ಕೃತಿ ಇದ್ದರೆ ಮೂರು ಪ್ರತಿ ಮಾಡಿ. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಮನೆಯ ಹೊರಗೆ. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ಕೊನೆಯವರೆಗೆ ಓಡಿಸಿ ನೋಡಿ.

ಸಾಮಾನ್ಯ ತಪ್ಪು: ನಂಬರನ್ನು ಬಾಲ್‌ಪೆನ್ನಿನಲ್ಲಿ ಹಾಳೆಯ ಹಿಂದೆ ಬರೆಯುವುದು. ಶಾಯಿ ಮುಂಬದಿಗೆ ಇಳಿಯುತ್ತದೆ, ಒತ್ತಿದ ಗೆರೆ ಉಬ್ಬಿ ಕಾಣುತ್ತದೆ. ಹಿಂಬದಿ ಕೆಳಮೂಲೆಯಲ್ಲಿ 2ಬಿ ಪೆನ್ಸಿಲ್‌ನಿಂದ ಮೆತ್ತಗೆ ಬರೆಯಿರಿ. ಫೋಟೋ ಪ್ರಿಂಟ್ ಆದರೆ ಅದರ ಮೇಲೆ ಏನೂ ಬೇಡ, ಕವರ್ ಮೇಲೆ ಬರೆಯಿರಿ.

## ಹಂತ 5: ಮನೆಯಲ್ಲಿ ಕಾಪಾಡುವುದು

ಒಂದು ಮನೆಯಲ್ಲಿ ಹದಿನೈದು ವರ್ಷ ಗೋಡೆಯ ಮೇಲಿದ್ದ ರೇಖಾಚಿತ್ರವೊಂದರ ಫ್ರೇಮ್ ಬಿಚ್ಚಿದೆವು. ಹಿಂದಿನ ಹಲಗೆಗೆ ಹೊಡೆದ ಮೊಳೆ ತುಕ್ಕು ಹಿಡಿದಿತ್ತು. ಹಲಗೆ ಎತ್ತಿದರೆ ಕಂದು ಬಣ್ಣದ ಮಾಮೂಲಿ ರಟ್ಟು. ರಟ್ಟು ಎತ್ತಿದರೆ ಹಾಳೆಯ ಹಿಂದೆ ಅದರ ಗೀರುಗಳೆಲ್ಲ ಅಚ್ಚೊತ್ತಿದಂತೆ ಮೂಡಿದ್ದವು. ನಾಲ್ಕು ಮೂಲೆಗೂ ಸೆಲ್ಲೋಟೇಪ್. ಪ್ಲಾಸ್ಟಿಕ್ ಒಣಗಿ ತಾನೇ ಉದುರಿತು, ಅಂಟು ಮಾತ್ರ ಜೇನಿನ ಬಣ್ಣದಲ್ಲಿ ಹಾಳೆಯೊಳಗೆ ಇಳಿದುಹೋಗಿತ್ತು. ಮುಂದೆ ತಿರುಗಿಸಿ ನೋಡಿದರೆ, ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚುಪಟ್ಟಿ) ಮುಚ್ಚಿದ್ದ ಅಂಚು ಬೆಳ್ಳಗೆ, ಬೆಳಕು ಬಿದ್ದ ನಡುಭಾಗ ಚಹಾ ಬಣ್ಣ. ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆ ಹದಿನೈದು ವರ್ಷವೂ ಅವರು ದಿನಾ ಗಾಜು ಒರೆಸುತ್ತಿದ್ದರು.

ಹೀಗಾಗದಂತೆ ನೋಡಿಕೊಳ್ಳಲು ನಾಲ್ಕು ವಿಷಯ ಗೊತ್ತಿರಬೇಕು.

ಬೆಳಕು. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತದೆ, ಕಳೆಯುವುದಿಲ್ಲ. ಕಾಗದದ ಕೃತಿಗಳಿಗೆ ಮ್ಯೂಸಿಯಂಗಳು 50 ಲಕ್ಸ್ (ಬೆಳಕು ಅಳೆಯುವ ಮಾನ) ಆಸುಪಾಸಿನ ಬೆಳಕನ್ನೇ ಇಡುತ್ತವೆ. ಹಗಲು ಕಿಟಕಿ ತೆರೆದ ಕೋಣೆಯಲ್ಲಿ ಅದರ ಎಷ್ಟೋ ಪಟ್ಟು ಇರುತ್ತದೆ. ಆದ್ದರಿಂದ ಕಿಟಕಿಯ ಎದುರು ಗೋಡೆ ಬೇಡ. ಕಾಗದದ ಕೃತಿಯನ್ನು ನಾಲ್ಕು ತಿಂಗಳು ಹಾಕಿ, ಇಳಿಸಿ ಫೋಲ್ಡರ್‌ಗೆ ಸೇರಿಸಿ, ಬೇರೆಯದು ಹಾಕಿ. ಗೋಡೆ ಹೊಸದಾಗುತ್ತದೆ, ಚಿತ್ರಕ್ಕೂ ವಿಶ್ರಾಂತಿ. ಫ್ರೇಮಿಗೆ ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿದರೆ ಒಳ್ಳೆಯದು. ಆದರೆ ಅದು ಅರ್ಧ ಪರಿಹಾರ ಮಾತ್ರ, ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ.

ತೇವ. ಮೀಟರ್ ಶೇ 45ರಿಂದ 55ರ ನಡುವೆ ಇದ್ದರೆ ಬಹಳ ಒಳ್ಳೆಯದು. ಶೇ 65 ದಾಟಿ ಕೆಲವು ದಿನ ನಿಂತರೆ ಬೂಸ್ಟು ಹಿಡಿಯುವ ಭಯ. ಹೊರಗೋಡೆ, ಬಚ್ಚಲಿನ ಗೋಡೆ, ಅಡುಗೆಮನೆ ಮೂರೂ ಬೇಡ. ಪೆಟ್ಟಿಗೆಗಳನ್ನು ನೆಲದಿಂದ ಒಂದು ಗೇಣಾದರೂ ಎತ್ತರದಲ್ಲಿಡಿ. ಪೈಪ್ ಒಡೆದು ನೀರು ನುಗ್ಗುವಾಗ ಮೊದಲು ಹೋಗುವುದು ನೆಲದ ಮೇಲಿದ್ದದ್ದೇ.

ಫ್ರೇಮ್. ಫ್ರೇಮ್ ಹಾಕುವವರ ಹತ್ತಿರ ಮೂರು ಮಾತು ಸ್ಪಷ್ಟವಾಗಿ ಹೇಳಿ. ಮೌಂಟ್ ಮತ್ತು ಹಿಂಬದಿ ಎರಡೂ ಆಮ್ಲ ಇಲ್ಲದ ಬೋರ್ಡ್ ಆಗಿರಬೇಕು. ಗಾಜು ಹಾಳೆಗೆ ತಾಗಬಾರದು, ನಡುವೆ ಸಂದು ಇರಬೇಕು. ಟೇಪ್ ಹಚ್ಚಬಾರದು, ತೆಳು ಜಪಾನಿ ಕಾಗದದ ಪಟ್ಟಿ ಮತ್ತು ಗೋಧಿ ಗಂಜಿಯ ಅಂಟಿನಲ್ಲಿ ಕೂರಿಸಬೇಕು. ಗಂಜಿ ಅಂಟಾದರೆ ನೀರು ತಾಗಿಸಿ ಬಿಡಿಸಬಹುದು. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳಿಗೆ ಅಕ್ರಿಲಿಕ್ ಹಾಳೆ ಬೇಡ, ಗಾಜೇ ಬೇಕು. ಅಕ್ರಿಲಿಕ್‌ನ ವಿದ್ಯುದಾವೇಶ ಪುಡಿಯನ್ನು ಎಳೆದುಕೊಳ್ಳುತ್ತದೆ. ಚಿತ್ರವನ್ನು ಬೋರ್ಡಿಗೆ ಪೂರ್ತಿ ಅಂಟಿಸಿ ಸಪಾಟು ಮಾಡಿಕೊಡುತ್ತೇವೆ ಅಂದರೆ ಚಿತ್ರ ವಾಪಸ್ ತೆಗೆದುಕೊಂಡು ಬನ್ನಿ.

ಕೈ. ಕಾಗದವನ್ನು ಚೆನ್ನಾಗಿ ತೊಳೆದು ಒರೆಸಿದ ಕೈಯಲ್ಲಿ, ಎರಡೂ ಬದಿ ಹಿಡಿದು ಎತ್ತಿ. ಲೋಹ, ಫೋಟೋ, ಹೊಳಪಿನ ಪ್ಲಾಸ್ಟಿಕ್‌ಗೆ ನೈಟ್ರೈಲ್ (ಕೃತಕ ರಬ್ಬರಿನ) ಗ್ಲೌಸ್. ಬಿಳಿ ಹತ್ತಿ ಗ್ಲೌಸ್ ನೋಡಲು ಚೆಂದ, ಆದರೆ ಹಿಡಿತ ಜಾರುತ್ತದೆ, ದಾರ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಅಪಾಯದ ಗುರುತುಗಳು: ಹಾಳೆಯ ಮೇಲೆ ಕಂದು ಚುಕ್ಕೆಗಳು. ಅಂಚಿನಲ್ಲಿ ಕೆರೆದು ತಿಂದಂಥ ಗುರುತು, ಅಂದರೆ ಬೆಳ್ಳಿಹುಳ. ಫ್ರೇಮಿನ ಕೆಳಗೆ ಸಣ್ಣ ಮರದ ಪುಡಿ. ಪೆಟ್ಟಿಗೆ ತೆರೆದರೆ ವಿನೆಗರ್ ವಾಸನೆ, ಅಂದರೆ ಒಳಗಿನ ಫಿಲ್ಮ್ ಅಥವಾ ಪ್ಲಾಸ್ಟಿಕ್ ಕೊಳೆಯುತ್ತಿದೆ. ಇದರಲ್ಲಿ ಯಾವುದು ಕಂಡರೂ ಆ ಕೃತಿಯನ್ನು ಮೊದಲು ಬೇರೆ ಕೋಣೆಗೆ ಒಯ್ಯಿರಿ, ಆಮೇಲೆ ಸಂರಕ್ಷಣಾ ತಜ್ಞರನ್ನು ಕೇಳಿ. ನೀವೇ ರಬ್ಬರಿನಲ್ಲಿ ಉಜ್ಜುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾಡಬೇಡಿ.

## ಹಂತ 6: ವರ್ಷಕ್ಕೊಂದು ದಿನ ಲೆಕ್ಕ ನೋಡಿ

ಒಂದು ರಜಾದಿನ ಇಡೀ ಪಟ್ಟಿ ಹಿಡಿದು ಪ್ರತಿಯೊಂದನ್ನೂ ಕಣ್ಣಾರೆ ನೋಡಿ ಟಿಕ್ ಹಾಕಿ. ಹಳೆಯ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ. ಪಟ್ಟಿಯ ಒಂದು ಪ್ರತಿ ಮನೆಯ ಹೊರಗೆ, ನಂಬಿಕೆಯವರ ಹತ್ತಿರ ಇರಲಿ. ವಿಮೆ ಮಾಡಿಸಿದ್ದರೆ ಹೊಸದಾಗಿ ಬಂದದ್ದನ್ನು ಅದಕ್ಕೆ ಸೇರಿಸಿ.

## ಹಂತ 7: ಯಾರಿಗೆ ಕೊಡುವುದು

ಕೊಡಬೇಕು ಅನ್ನುವ ವರ್ಷಕ್ಕಿಂತ ಐದು ವರ್ಷ ಮುಂಚೆ ಈ ಹಂತ ಶುರು ಮಾಡಿ. ಎಲ್ಲರಿಗೂ ಮೊದಲು ನೆನಪಾಗುವುದು ಅತಿ ದೊಡ್ಡ ಮ್ಯೂಸಿಯಂ. ಅದರ ಗೋದಾಮಿನಲ್ಲಿ ನಿಮ್ಮ ಚಿತ್ರ ಐವತ್ತು ವರ್ಷ ಬೆಳಕು ಕಾಣದೆ ಇರಬಹುದು. ಚಿಕ್ಕ ಊರಿನ ಮ್ಯೂಸಿಯಂ, ವಿಶ್ವವಿದ್ಯಾಲಯದ ಗ್ಯಾಲರಿ, ಕಲಾಶಾಲೆ, ಲೈಬ್ರರಿಗಳಲ್ಲಿ ಅದೇ ಚಿತ್ರವನ್ನು ಮಕ್ಕಳು ಹತ್ತಿರ ನಿಂತು ನೋಡುತ್ತಾರೆ. ನನ್ನ ಒಲವು ಚಿಕ್ಕ ಸಂಸ್ಥೆಗಳ ಕಡೆಗೇ. ಆದರೆ ಅಲ್ಲಿ ಕಾಪಾಡುವ ಜನ, ಜಾಗ ಇದೆಯಾ ಅಂತ ಹೋಗಿ ನೋಡಿಯೇ ಮುಂದುವರಿಯಿರಿ.

ಒಂದೇ ಕಡೆ ಎಲ್ಲ ಕೊಡಬೇಕು ಅಂತಲೂ ಇಲ್ಲ. ವೋಗೆಲ್ ದಂಪತಿ ತಮ್ಮ ಸಂಗ್ರಹ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ಗೆ ಹೋಗುವಂತೆ 1992ರಲ್ಲಿ ಗೊತ್ತುಮಾಡಿದರು. ಅಲ್ಲಿ ಪ್ರವೇಶ ಉಚಿತ, ಬಂದ ಕೃತಿಗಳನ್ನು ಮಾರುವುದಿಲ್ಲ. ಅವರು ಅದನ್ನು ಆರಿಸಲು ಇದೂ ಕಾರಣ. ಆದರೂ ಅಷ್ಟನ್ನೂ ಒಂದೇ ಸಂಸ್ಥೆ ಇಟ್ಟುಕೊಳ್ಳಲು ಆಗಲಿಲ್ಲ. 2008ರಲ್ಲಿ ಅಮೆರಿಕದ 50 ರಾಜ್ಯಗಳ ಒಂದೊಂದು ಸಂಸ್ಥೆಗೆ 50ರಂತೆ 2,500 ಕೃತಿಗಳನ್ನು ಹಂಚುವ ಯೋಜನೆ ಶುರುವಾಯಿತು.

ಕ್ರಮ ಹೀಗಿರಲಿ:

1. ಆ ಸಂಸ್ಥೆಯ ಸಂಗ್ರಹ ನೀತಿಯನ್ನು ತರಿಸಿ ಓದಿ. ಏನು ತೆಗೆದುಕೊಳ್ಳುತ್ತಾರೆ, ಏನು ಇಲ್ಲ, ಮುಂದೆ ಮಾರುವ ಹಕ್ಕು ಇಟ್ಟುಕೊಂಡಿದ್ದಾರಾ ಅನ್ನುವುದು ಅದರಲ್ಲಿರುತ್ತದೆ.
2. ಎರಡು ಮೂರು ಸಲ ಸುಮ್ನೆ ನೋಡುಗರಾಗಿ ಹೋಗಿ. ಗೋಡೆಯ ಮೇಲೆ ಏನಿದೆ, ಚೀಟಿಗಳಲ್ಲಿ ದಾನಿಗಳ ಬಗ್ಗೆ ಹೇಗೆ ಬರೆದಿದ್ದಾರೆ ಗಮನಿಸಿ.
3. ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್‌ಗೆ ಒಂದು ಪುಟದ ಪತ್ರ ಬರೆಯಿರಿ. ಜೊತೆಗೆ ಹತ್ತು ಕೃತಿಗಳ ಫೋಟೋ ಮತ್ತು ದಾಖಲೆ ಮಾತ್ರ ಕಳಿಸಿ. ಇಡೀ ಪಟ್ಟಿ ಕೇಳಿದ ಮೇಲೆ ಕೊಡಿ.
4. ಅವರು ಆರಿಸಲಿ. ನೂರರಲ್ಲಿ ಹನ್ನೆರಡು ಸಾಕು ಅಂದರೆ ಬೇಸರ ಬೇಡ. ಉಳಿದದ್ದಕ್ಕೆ ಇನ್ನೊಂದು ಮನೆ ಹುಡುಕಿ.
5. ಕಾಯಿರಿ. ದಾನ ಒಪ್ಪುವ ಸಮಿತಿ ವರ್ಷಕ್ಕೆ ಕೆಲವೇ ಸಲ ಸೇರುತ್ತದೆ. ತಿಂಗಳುಗಟ್ಟಲೆ ಹಿಡಿಯುವುದು ಮಾಮೂಲು.

ಸಾಮಾನ್ಯ ತಪ್ಪು: ಹೇಳದೆ ಕೇಳದೆ ಕೃತಿಗಳನ್ನು ಪಾರ್ಸೆಲ್ ಮಾಡುವುದು. ಹಾಗೆ ಬಂದದ್ದಕ್ಕೆ ವಾರಸುದಾರರೇ ಇರುವುದಿಲ್ಲ, ಯಾವುದೋ ಮೂಲೆಯಲ್ಲಿ ಉಳಿಯುತ್ತದೆ.

ಎಚ್ಚರ: ಯಾವ ಕಾಗದವನ್ನೂ ನೋಡದೆ "ಎಲ್ಲಾ ಕಳಿಸಿಬಿಡಿ" ಅನ್ನುವ ಸಂಸ್ಥೆಯಿಂದ ದೂರ ಇರಿ. ಪಟ್ಟಿ ಕೇಳದವರು ಕಾಪಾಡುವುದೂ ಇಲ್ಲ.

## ಹಂತ 8: ಮನೆಯವರ ಜೊತೆ ಕೂತು ಮಾತಾಡಿ, ಆಮೇಲೆ ದಾನಪತ್ರ

ಮಕ್ಕಳಿಗೆ, ಅಣ್ಣತಮ್ಮಂದಿರಿಗೆ ಹೇಳದೆ ದಾನ ಬರೆದುಕೊಟ್ಟು, ಆಮೇಲೆ ಅದು ಕೋರ್ಟ್ ಮೆಟ್ಟಿಲು ಹತ್ತುವುದು ಬೇಡ. ಪ್ರತಿಯೊಬ್ಬರೂ ಇಷ್ಟದ ಒಂದೆರಡನ್ನು ಆರಿಸಿಕೊಳ್ಳಲಿ. ಅದನ್ನು ಪಟ್ಟಿಯಿಂದ ತೆಗೆದು, ಉಳಿದದ್ದಕ್ಕೆ ಅವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಈಗ ಕೊಡದೆ ನಿಮ್ಮ ಕಾಲಾನಂತರ ಕೊಡುವುದಾದರೆ ಉಯಿಲಿನಲ್ಲಿ ಬರೆಯಬೇಕು. ಬರೆಯುವ ಮುಂಚೆ ಸಂಸ್ಥೆಯ ಒಪ್ಪಿಗೆಯೂ ಕೈಯಲ್ಲಿರಬೇಕು. ಉಯಿಲಿನಲ್ಲಿ ಹೆಸರು ಬರೆದ ಮಾತ್ರಕ್ಕೆ ಅವರು ತೆಗೆದುಕೊಳ್ಳಲೇಬೇಕು ಅಂತೇನಿಲ್ಲ.

ದಾನಪತ್ರದಲ್ಲಿ ಇಷ್ಟು ಇರಲಿ: ಕೃತಿಗಳ ಪಟ್ಟಿ ನಂಬರ್ ಸಮೇತ, ಇವು ನನ್ನವು ಮತ್ತು ಯಾವ ಸಾಲವೂ ಇಲ್ಲ ಅನ್ನುವ ಮಾತು, ಒಡೆತನ ಯಾವ ದಿನ ಬದಲಾಗುತ್ತದೆ, ದಾನಿಯ ಹೆಸರನ್ನು ಹೇಗೆ ಬರೆಯಬೇಕು, ಇಬ್ಬರ ಸಹಿ. ಹೆಸರು ಬೇಡ ಅನ್ನಿಸಿದರೆ ಅದನ್ನೂ ಬರೆಸಿ.

ಷರತ್ತು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಎಲ್ಲವನ್ನೂ ಒಟ್ಟಿಗೇ ಇಡಬೇಕು, ಯಾವಾಗಲೂ ತೋರಿಸುತ್ತಿರಬೇಕು ಅಂತ. ಅಮೆರಿಕದ ಸಿರಿವಂತ ಸಂಗ್ರಾಹಕ ಆಲ್ಬರ್ಟ್ ಬಾರ್ನ್ಸ್ ತಮ್ಮ ಚಿತ್ರಗಳು ಮೆರಿಯನ್ ಅನ್ನುವ ಊರಿನ ಕಟ್ಟಡದಲ್ಲಿ ತಾವು ಜೋಡಿಸಿದ ಹಾಗೇ ಇರಬೇಕು ಅಂತ ಕಟ್ಟುನಿಟ್ಟು ಮಾಡಿದ್ದರು. ಅವರು ತೀರಿಕೊಂಡಿದ್ದು 1951ರಲ್ಲಿ. ಅವರ ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಕ್ಕಿ, 2004ರಲ್ಲಿ ಕೋರ್ಟ್ ಸ್ಥಳಾಂತರಕ್ಕೆ ಒಪ್ಪಿತು. 2012ರಲ್ಲಿ ಸಂಗ್ರಹ ಫಿಲಡೆಲ್ಫಿಯಾಗೆ ಹೋಯಿತು. ಅಷ್ಟು ಸಿರಿವಂತರ ಷರತ್ತೇ ಉಳಿಯಲಿಲ್ಲ. ಆದ್ದರಿಂದ ಒಂದೇ ಒಂದನ್ನು ಕೇಳಿ: ಮುಂದೆ ಎಂದಾದರೂ ಬೇಡ ಅನ್ನಿಸಿದರೆ ಮಾರುವ ಮುಂಚೆ ಇನ್ನೊಂದು ಸಾರ್ವಜನಿಕ ಸಂಸ್ಥೆಗೆ ಕೊಡಲು ಪ್ರಯತ್ನಿಸಬೇಕು. ಬಹಳ ಸಂಸ್ಥೆಗಳು ಇದನ್ನು ಕೇಳಿಸಿಕೊಳ್ಳುತ್ತವೆ.

ಇನ್ನೆರಡು ವಿಷಯ. ಕೃತಿ ನಿಮ್ಮದಾದರೂ ಅದನ್ನು ಅಚ್ಚು ಹಾಕುವ ಹಕ್ಕು ಸಾಮಾನ್ಯವಾಗಿ ಕಲಾವಿದರದ್ದೇ. ಅದನ್ನು ನೀವು ದಾನಪತ್ರದಲ್ಲಿ ಬರೆದುಕೊಡಲು ಬರುವುದಿಲ್ಲ. ತೆರಿಗೆ ರಿಯಾಯಿತಿ ಸಿಗುತ್ತದಾ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಸಹಿ ಹಾಕುವ ಮುಂಚೆಯೇ ಲೆಕ್ಕಪರಿಶೋಧಕರನ್ನು ಕೇಳಿ. ಬೆಲೆ ಕಟ್ಟಿಸಬೇಕಾದರೆ ಹೊರಗಿನ ತಜ್ಞರಿಂದ ಕಟ್ಟಿಸಿ. ದಾನ ಪಡೆಯುವವರೂ ಬೇಡ, ಕೃತಿ ಮಾರಿದ ಗ್ಯಾಲರಿಯವರೂ ಬೇಡ.

## ಹಂತ 9: ಒಪ್ಪಿಸುವ ದಿನ

ಸಾಗಿಸುವಾಗ ಆದ ಹಾನಿ ಯಾರ ಹೊಣೆ ಅನ್ನುವುದು ಬರಹದಲ್ಲಿ ತೀರ್ಮಾನವಾಗುವವರೆಗೆ ಗಾಡಿಗೆ ಏನೂ ಹತ್ತಿಸಬೇಡಿ. ಪ್ರತಿ ಕೃತಿಯನ್ನು ಪ್ಯಾಕ್ ಮಾಡುವ ಮುಂಚೆ ಸಂಸ್ಥೆಯ ಒಬ್ಬರ ಜೊತೆ ಕೂತು ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಮಾಡಿ. ಗುಳ್ಳೆ ಪ್ಲಾಸ್ಟಿಕ್ ಬಣ್ಣದ ಮೈಗೆ ನೇರ ತಾಗಬಾರದು, ನಡುವೆ ಗ್ಲಾಸೀನ್ ಅನ್ನುವ ನುಣುಪು ತೆಳು ಕಾಗದ ಹಾಕಿ. ಇದ್ದಿಲು, ಪ್ಯಾಸ್ಟೆಲ್ ಚಿತ್ರಗಳು ಫ್ರೇಮಿನಲ್ಲೇ ಹೋಗಲಿ, ಮಲಗಿಸಿ, ಮುಖ ಮೇಲೆ.

ಕಡತಗಳು ಕೃತಿಗಳ ಜೊತೆಗೇ ಹೋಗಬೇಕು. ಮೂಲ ಅವರಿಗೆ, ನಕಲು ನಿಮಗೆ. ಕಲಾವಿದರ ಜೊತೆ ನಡೆದ ಪತ್ರವ್ಯವಹಾರ, ಸ್ಟುಡಿಯೋದಲ್ಲಿ ತೆಗೆದ ಫೋಟೋ, ಮೊದಲ ವರ್ಷದ ಆ ನೋಟ್‌ಬುಕ್ ಕೂಡ ಬೇಕಾ ಅಂತ ಕೇಳಿ. ನಿಮಗೆ ಅದು ಗೀಚಿದ ಪುಸ್ತಕ ಅನ್ನಿಸಬಹುದು. ಕಲಾವಿದರ ಮೊದಲ ದಿನಗಳ ಬಗ್ಗೆ ಬರೆಯುವವರಿಗೆ ಇಂಥದ್ದು ಬೇರೆಲ್ಲೂ ಸಿಗುವುದಿಲ್ಲ.

ಗಾಡಿ ಹೋದ ಮೇಲೆ ಅದೇ ವಾರ ಪ್ರತಿಯೊಬ್ಬ ಕಲಾವಿದರಿಗೂ ಫೋನ್ ಮಾಡಿ, ನಿಮ್ಮ ಇಂಥ ಕೆಲಸ ಇಂಥ ಕಡೆ ಹೋಯಿತು ಅಂತ ಹೇಳಿ. ಅವರು ತಮ್ಮ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಸಂಸ್ಥೆಯಿಂದ ಪ್ರತಿ ಕೃತಿಗೂ ಅವರ ದಾಖಲೆ ಸಂಖ್ಯೆ ಬರುತ್ತದೆ. ಬರದಿದ್ದರೆ ಮೂರು ತಿಂಗಳು ಬಿಟ್ಟು ನೆನಪಿಸಿ. ಬಂದ ಸಂಖ್ಯೆಯನ್ನು ನಿಮ್ಮ ಪಟ್ಟಿಯಲ್ಲಿ 2025.07ರ ಎದುರಿಗೆ ಬರೆದುಕೊಳ್ಳಿ.